ತೂಬಿಲ್ಲದ ಕಟ್ಟೆ ನೋಡಿ ಬಂದ ಅಪ್ಪ

ಹಿಮನದಿ ನೋಡಬೇಕೆಂದು ಮನೆಮಂದಿಯನ್ನೆಲ್ಲ ಹೊರಡಿಸಿದವನು ನಾನು. ತಿಂಗಳುಗಟ್ಟಲೆ ಯೂಟ್ಯೂಬ್ ನೋಡಿ ದಾರಿ ಬಾಯಿಪಾಠ ಮಾಡಿದವನು ನಾನು. ಟ್ರೆಕ್ಕಿಂಗ್ ಶೂ ಬೇಕೆಂದು ಅಕ್ಕನ ಹತ್ತಿರ ನಾಲ್ಕು ಸಾವಿರ ಕಿತ್ತುಕೊಂಡವನೂ ನಾನೇ. ಕೊನೆಗೆ ಹಿಮನದಿಯ ಎದುರು ನಿಂತು ಬಂದವರು ಮಾತ್ರ ಸಂತೆಯಲ್ಲಿ ಕೊಂಡ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದ ನಮ್ಮಪ್ಪ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿಕೊಂಡ ಎರಡೂವರೆ ಎಕರೆ ಜಮೀನು, ಭತ್ತ ಮತ್ತು ಕಬ್ಬು. ಅಕ್ಕ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಎಲ್ಲರನ್ನೂ ಒಮ್ಮೆ ವಿಮಾನ ಹತ್ತಿಸಬೇಕೆಂಬುದು ಅವಳ ಆಸೆ. ಎಲ್ಲಿಗೆ ಎಂಬುದೇ ಪ್ರಶ್ನೆ. ಅಮ್ಮ ತಿರುಪತಿ ಎಂದರು. ಅಜ್ಜಿ ಮಾತ್ರ ಒಂದೇ ಮಾತು ಹೇಳಿದರು, ‘ಗಂಗೆ ತರ್ಬೇಕು ಕಣ್ ಮೊಗಾ.’

ಅದಕ್ಕೊಂದು ಕಾರಣವಿತ್ತು. ನಮ್ಮ ದೇವರ ಗೂಡಿನಲ್ಲಿ ಒಂದು ತಾಮ್ರದ ಗಿಂಡಿ ಇತ್ತು. ಮುತ್ತಜ್ಜ ಕಾಶಿಯಿಂದ ತಂದಿದ್ದ ಗಂಗೆ, ಬಾಯಿಗೆ ಬೆಸುಗೆ ಹಾಕಿದ್ದು. ನಾನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದೇನೆ, ಅಲ್ಲಾಡಿಸಿ ಬೈಸಿಕೊಂಡಿದ್ದೇನೆ. ಹಿಂದಿನ ವರ್ಷ ಕಾರ್ತಿಕದಲ್ಲಿ ತಾತ ಹೋಗುವ ಹೊತ್ತಿಗೆ ಅಪ್ಪ ಅದರ ಬಾಯಿ ಒಡೆದು ಎರಡು ಹನಿ ಬಾಯಿಗೆ ಬಿಟ್ಟರು. ಅಂದಿನಿಂದ ಗೂಡಿನ ಆ ಜಾಗ ಖಾಲಿ. ಅಜ್ಜಿ ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಆ ಜಾಗವನ್ನೊಮ್ಮೆ ನೋಡುತ್ತಿದ್ದರು.

‘ಕಾಶಿಗ್ಯಾಕೆ ಅಜ್ಜಿ, ಗಂಗೆ ಹುಟ್ಟೋ ಜಾಗಕ್ಕೇ ಹೋಗೋಣ’ ಎಂದೆ. ಅಜ್ಜಿಯ ಮೇಲಿನ ಪ್ರೀತಿಗಿಂತ ನನ್ನ ಸ್ವಾರ್ಥವೇ ಅದರಲ್ಲಿ ಜಾಸ್ತಿಯಿತ್ತು. ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವನು. 2025ನ್ನು ವಿಶ್ವಸಂಸ್ಥೆ ಹಿಮನದಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿತ್ತು. ಆ ವರ್ಷವೇ ಗೋಮುಖದ ಎದುರು ನಿಂತ ಒಂದು ಫೋಟೊ ಇನ್‌ಸ್ಟಾದಲ್ಲಿ ಹಾಕಿದರೆ ಕ್ಲಾಸಿನಲ್ಲಿ ನನ್ನ ಲೆವೆಲ್ಲೇ ಬೇರೆ ಎಂದುಕೊಂಡಿದ್ದೆ. ಇಂಟರ್ನಲ್ಸ್ ಮುಗಿದು ಹತ್ತು ದಿನ ಬಿಡುವು ಸಿಕ್ಕ ಮೇ ಕೊನೆಯಲ್ಲಿ ಐದೂ ಜನ ಡೆಹ್ರಾಡೂನ್ ವಿಮಾನ ಹತ್ತಿದೆವು.

ದಾರಿಯುದ್ದಕ್ಕೂ ನಾನೇ ಮೇಷ್ಟ್ರು. ಟ್ಯಾಕ್ಸಿಯಲ್ಲಿ ಅಜ್ಜಿ ಕೇಳಿದರು, ‘ಮಂಜು ಎಲ್ಲಾದ್ರೂ ಹರೀತದಾ? ಅದನ್ಯಾಕೆ ನದಿ ಅಂತೀರಿ?’ ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಎತ್ತರದ ಜಾಗದಲ್ಲಿ ಒಂದು ವರ್ಷದ ಹಿಮ ಕರಗುವ ಮೊದಲೇ ಮುಂದಿನ ವರ್ಷದ ಹಿಮ ಬೀಳುತ್ತದೆ. ಪದರದ ಮೇಲೆ ಪದರ ಕೂತು, ಕೆಳಗಿನದು ಭಾರಕ್ಕೆ ಒತ್ತಿ ಗಟ್ಟಿ ಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನದೇ ತೂಕಕ್ಕೆ ಇಳಿಜಾರಿನಲ್ಲಿ ಜರುಗುತ್ತಾ ಬರುತ್ತದೆ. ಕೆಳಗೆ ಬಿಸಿಲಿನ ಜಾಗಕ್ಕೆ ಬಂದಾಗ ತುದಿ ಕರಗಿ ನೀರಾಗುತ್ತದೆ. ಆ ತುದಿಯೇ ಗೋಮುಖ. ‘ಹರಿಯೋದು ಹೌದು ಅಜ್ಜಿ, ಆದ್ರೆ ಕಣ್ಣಿಗೆ ಕಾಣದಷ್ಟು ನಿಧಾನ.’

‘ನಿಮ್ಮಪ್ಪ ಮದ್ವೆಗೆ ಒಪ್ಪಿದಂಗೆ’ ಎಂದರು ಅಜ್ಜಿ. ಅಮ್ಮ ಕಿಟಕಿಯ ಕಡೆ ತಿರುಗಿ ನಕ್ಕರು.

ಉತ್ತರಕಾಶಿಯಲ್ಲಿ ಒಂದು ರಾತ್ರಿ ಉಳಿದು, ಮಾರನೇ ದಿನ ಭಾಗೀರಥಿಯ ಪಕ್ಕದಲ್ಲೇ ಮೇಲೆ ಹೊರಟೆವು. ಹರ್ಸಿಲ್ ದಾಟಿದ ಮೇಲೆ ಧರಾಲಿ ಎಂಬ ಊರು. ಸೇಬಿನ ತೋಟಗಳು, ರಸ್ತೆಗೆ ಅಂಟಿಕೊಂಡ ಹೋಟೆಲುಗಳು, ಊರ ಪಕ್ಕದಲ್ಲಿ ಬೆಟ್ಟದಿಂದ ಇಳಿದು ಬರುವ ಒಂದು ಹಳ್ಳ. ಅಲ್ಲಿ ಟೀಗೆ ನಿಂತಾಗ ಹೋಟೆಲಿನ ಯಜಮಾನಿ ಅಜ್ಜಿಗೆಂದು ಬಿಸಿಲಿನಲ್ಲಿ ಕುರ್ಚಿ ಹಾಕಿಕೊಟ್ಟರು. ಅವರಿಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ಆದರೂ ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಅಜ್ಜಿಯ ಸೆರಗಿಗೆ ಎರಡು ಬೊಗಸೆ ರಾಜ್ಮಾ ಕಾಳು ಸುರಿದು ಕಳಿಸಿದರು. ಅಲ್ಲಿನ ರಾಜ್ಮಾ ಹೆಸರುವಾಸಿ.

ಗಂಗೋತ್ರಿಗೆ ಬಂದಾಗ ಸಂಜೆ. ಅಲ್ಲಿಂದ ಗೋಮುಖಕ್ಕೆ 18 ಕಿಲೋಮೀಟರ್, ನಡೆದೇ ಹೋಗಬೇಕು. ದಿನಕ್ಕೆ 150 ಜನರಿಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ. ಅಜ್ಜಿಗೆ ಆಗದು. ಅಮ್ಮ ಮತ್ತು ಅಕ್ಕ ಅಜ್ಜಿಯ ಜೊತೆ ಗಂಗೋತ್ರಿಯಲ್ಲೇ ಉಳಿಯುವುದು, ನಾನು ಮತ್ತು ಅಪ್ಪ ಹೋಗಿ ಬರುವುದು ಎಂದಾಯಿತು. ನಮ್ಮ ಗೈಡ್ ಆ ಕಡೆಯ ಹಳ್ಳಿಯವರೇ, ಅಪ್ಪನ ವಯಸ್ಸಿನವರು. ಅವರು ಮೊದಲು ಹೇಳಿದ್ದೇ, ‘ನಾಳೆ ಒಂದು ದಿನ ಇಲ್ಲೇ ಇರಿ. ಮೈ ಹೊಂದಿಕೊಳ್ಳಲಿ.’ ನಾನು ಒಪ್ಪಲಿಲ್ಲ. ಅನುಮತಿ ಸಿಕ್ಕಿದೆ, ದಿನ ಕಮ್ಮಿ ಇದೆ, ನಾನು ಕಾಲೇಜಿನ ಕಬಡ್ಡಿ ಟೀಮಿನವನು. ಅಪ್ಪನಿಗೆ ಗೈಡ್ ಹೇಳಿದ್ದನ್ನು ಪೂರ್ತಿ ಅನುವಾದಿಸಲೂ ಇಲ್ಲ. ‘ಬೆಳಿಗ್ಗೆ ಬೇಗ ಹೊರಡ್ಬೇಕಂತೆ’ ಎಂದಷ್ಟೇ ಹೇಳಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮಾರನೇ ದಿನ ದಾರಿಯಲ್ಲಿ ನಾನು ಮುಂದೆ, ಅಪ್ಪ ಹಿಂದೆ. ಅಪ್ಪನದು ಗದ್ದೆ ಬದುವಿನ ಮೇಲೆ ನಡೆಯುವ ನಡಿಗೆ. ಅವಸರವಿಲ್ಲ, ನಿಲ್ಲುವುದೂ ಇಲ್ಲ. ನಾನು ಓಡಿ ಹೋಗಿ ಬಂಡೆಯ ಮೇಲೆ ಕೂತು ವಿಡಿಯೊ ಮಾಡುವುದು, ಅಪ್ಪ ಬಂದೊಡನೆ ಮತ್ತೆ ಓಡುವುದು. 9 ಕಿಲೋಮೀಟರಿಗೆ ಚೀರ್‌ಬಾಸಾ, ಅಲ್ಲಿಯ ತನಕ ಪೈನ್ ಮರಗಳು. ಆಮೇಲೆ ಮರ ಕಮ್ಮಿಯಾಗಿ ಬರೀ ಕಲ್ಲು, ಧೂಳು, ನೀಲಿ ಆಕಾಶ. 14 ಕಿಲೋಮೀಟರಿಗೆ ಭೋಜ್‌ಬಾಸಾ. ಹಿಂದೆ ಇಲ್ಲಿ ಭೂರ್ಜ ಮರಗಳ ಕಾಡಿತ್ತಂತೆ, ಹೆಸರು ಅದರಿಂದಲೇ ಬಂದದ್ದು. ಎದುರಿಗೆ ಭಾಗೀರಥಿ ಶಿಖರಗಳು. ಇನ್ನು ನಾಲ್ಕೇ ಕಿಲೋಮೀಟರ್.

ಟೆಂಟಿನಲ್ಲಿ ಬ್ಯಾಗ್ ಇಳಿಸಿದಾಗ ಹಣೆಯ ಹಿಂದೆ ಸಣ್ಣಗೆ ನೋವು ಶುರುವಾಯಿತು. ಅರ್ಧ ಗಂಟೆಯಲ್ಲಿ ತಲೆಯೊಳಗೆ ಯಾರೋ ಜಲ್ಲಿ ಒಡೆಯುತ್ತಿದ್ದ ಹಾಗಾಯಿತು. ಕೊಟ್ಟ ಊಟದ ವಾಸನೆಗೇ ವಾಂತಿ ಬಂತು. ಗೈಡ್ ಬಂದು ನೋಡಿ ಬೈಯಲಿಲ್ಲ. ‘ಬೆಟ್ಟದಲ್ಲಿ ವಯಸ್ಸಿನ ಬಲ ನಡೆಯಲ್ಲ’ ಎಂದಷ್ಟೇ ಅಂದರು. ಅಷ್ಟು ಎತ್ತರದಲ್ಲಿ, ಅಂದರೆ ಸುಮಾರು 3,800 ಮೀಟರಿನಲ್ಲಿ, ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿನಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಸಾಮಾನ್ಯ ನಿಯಮ. ನಾನು ಒಂದೇ ದಿನದಲ್ಲಿ 700 ಮೀಟರ್ ಹಾರಿದ್ದೆ, ಅದೂ ಓಡುತ್ತಾ. ಕಬಡ್ಡಿ ಆಡಿದವನಿಗೆ ಬರಲ್ಲ, ಮುದುಕರಿಗೆ ಬರುತ್ತದೆ ಎಂಬ ಲೆಕ್ಕವೇ ಇದಕ್ಕಿಲ್ಲವಂತೆ.

ರಾತ್ರಿಯಿಡೀ ಅಪ್ಪ ಪಕ್ಕದಲ್ಲಿ ಕೂತಿದ್ದರು. ಬಿಸಿನೀರು ಕುಡಿಸಿದರು. ಬೆಳಗಿನ ಜಾವ ನೋವು ಸ್ವಲ್ಪ ಇಳಿದಿತ್ತು, ವಾಂತಿ ನಿಂತಿತ್ತು. ಗೈಡ್ ತೀರ್ಮಾನ ಹೇಳಿದರು. ನಾನು ಒಂದು ಹೆಜ್ಜೆಯೂ ಮೇಲೆ ಹೋಗುವಂತಿಲ್ಲ, ಬೆಳಕಾದ ಮೇಲೆ ಕೆಳಗಿಳಿಯಬೇಕು. ಅಪ್ಪ ಆಗಲೇ ಬ್ಯಾಗ್ ಕಟ್ಟಲು ಶುರು ಮಾಡಿದರು. ‘ನಡಿ ಮಗ, ಗಂಗೋತ್ರೀಲೂ ಅದೇ ನೀರಲ್ವಾ? ಅಲ್ಲೇ ತುಂಬ್ಕೊಂಡ್ರಾಯ್ತು.’

ನನಗೆ ಅಳು ಬಂತು. ಇಪ್ಪತ್ತು ವರ್ಷದವನು, ಅಪ್ಪನ ಎದುರು, ಗೈಡ್ ಎದುರು ಅತ್ತೆ. ಅತ್ತದ್ದು ಗೋಮುಖ ತಪ್ಪಿತಲ್ಲ ಎಂದಲ್ಲ, ನನ್ನಿಂದಾಗಿ ಅಪ್ಪನಿಗೂ ತಪ್ಪುತ್ತಿದೆಯಲ್ಲ ಎಂದು. ಮೊದಲ ದಿನ ಅವರಿಗೆ ಪೂರ್ತಿ ಅನುವಾದಿಸದೆ ಬಿಟ್ಟದ್ದನ್ನು ಆಗ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀನು ಹೇಳ್ದಿದ್ರೇನು, ಅವರ ಮುಖ ನೋಡಿದ್ರೆ ನಂಗೆ ಗೊತ್ತಾಗಿತ್ತು ಕಣ್ಲಾ. ನಾನೇ ತಡೀಬೇಕಿತ್ತು’ ಎಂದರು. ಗೈಡ್‌ಗೆ ನಾನು ಕೈಮುಗಿದು, ಅಪ್ಪನನ್ನಾದರೂ ಕರೆದುಕೊಂಡು ಹೋಗಿ ಎಂದು ಕೇಳಿಕೊಂಡೆ. ಅವರು ತಮ್ಮ ಜೊತೆಯ ಹುಡುಗನನ್ನು ನನ್ನ ಪಕ್ಕ ಕೂರಿಸಿ, ನೋವು ಹೆಚ್ಚಾದರೆ ಕಾಯದೆ ಇಳಿಸಿಕೊಂಡು ಹೋಗು ಎಂದು ಅವನಿಗೆ ಹೇಳಿದರು. ಅಪ್ಪ ನನ್ನ ಫೋನು, ಅಜ್ಜಿಯ ಬಾಟಲಿ ತೆಗೆದುಕೊಂಡು ಕತ್ತಲಲ್ಲೇ ಹೊರಟರು.

ಹತ್ತು ಗಂಟೆಗೆ ಇಬ್ಬರೂ ವಾಪಸ್ ಬಂದರು. ಒಂದು ಪದದ ಭಾಷೆಯೂ ಹೊಂದದ ಇಬ್ಬರು ರೈತರು, ಕೈಸನ್ನೆ ಮಾಡುತ್ತಾ, ಹಳೇ ನೆಂಟರ ಹಾಗೆ. ಗೈಡ್‌ಗೂ ಊರಲ್ಲಿ ಸ್ವಲ್ಪ ಜಮೀನಿದೆಯಂತೆ. ಅದು ಅಪ್ಪನಿಗೆ ಹೇಗೆ ಗೊತ್ತಾಯಿತೋ!

‘ಹೆಂಗಿತ್ತಪ್ಪ?’

‘ಕಪ್ಪಗಿತ್ತು’ ಎಂದರು ಅಪ್ಪ.

ನನ್ನ ಫೋನಿನಲ್ಲಿ 41 ಫೋಟೊ ತೆಗೆದಿದ್ದರು. ಹದಿನೈದರಲ್ಲಿ ಅವರ ಬೆರಳು. ಸೆಲ್ಫಿ ಒಂದೂ ಇಲ್ಲ. ನಾಲೆ ಏರಿ ಒಡೆದಾಗ ನೀರಾವರಿ ಇಲಾಖೆಯವರಿಗೆ ತೋರಿಸಲು ತೆಗೆಯುತ್ತಾರಲ್ಲ, ಹಾಗೆ ಕಲ್ಲು, ಬಿರುಕು, ದಂಡೆಗಳನ್ನೇ ತೆಗೆದಿದ್ದರು. ಯೂಟ್ಯೂಬ್‌ ನೋಡಿ ಬೆಳ್ಳಗೆ ಹೊಳೆಯುವ ಗೋಡೆ ಕಲ್ಪಿಸಿಕೊಂಡಿದ್ದ ನನಗೆ ಅಲ್ಲಿ ಕಂಡದ್ದು ಕಲ್ಲುಮಣ್ಣು ಹೊದ್ದ ಒಂದು ಕೊಳಕು ದಿಬ್ಬ. ಬಿರುಕುಗಳಲ್ಲಿ ಮಾತ್ರ ತಿಳಿ ನೀಲಿ. ಅದರ ಅಡಿಯಿಂದ ಸಿಮೆಂಟ್ ಕಲಸಿದಂಥ ನೀರು ನುಗ್ಗುತ್ತಿತ್ತು. ಮೇಲಿಂದ ಗಡ್ಡೆಗಳು ಕಳಚಿ ಬೀಳುತ್ತವೆಂದು ಗೈಡ್ ದೂರದಲ್ಲೇ ನಿಲ್ಲಿಸಿದ್ದರಂತೆ.

‘ಇಷ್ಟು ಮಣ್ಣು ಕೂತಿದ್ರೆ ಬೇಗ ಕರಗೋಗಲ್ವಾ?’ ಎಂದು ನಾನೇ ಕೇಳಿದೆ.

‘ದಪ್ಪಗೆ ಕೂತಿದ್ರೆ ಕರಗಲ್ಲ ಕಣ್ಲಾ. ಜಾತ್ರೇಲಿ ಐಸ್ ಗಡ್ಡೇನ ಹೊಟ್ಟಲ್ಲಿ ಮುಚ್ಚಿಡ್ತಿರ್ಲಿಲ್ವಾ? ಹಂಗೆ.’ ಆಮೇಲೆ ಊರಿಗೆ ಬಂದು ಓದಿದೆ. ದಪ್ಪನೆಯ ಕಲ್ಲುಮಣ್ಣಿನ ಹೊದಿಕೆ ಬಿಸಿಲನ್ನು ತಡೆದು ಕರಗುವುದನ್ನು ನಿಧಾನ ಮಾಡುತ್ತದೆ, ತೆಳುವಾದ ಧೂಳು ಬಿಸಿಲು ಹೀರಿ ಬೇಗ ಕರಗಿಸುತ್ತದೆ. ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಇಳಿಯುವ ದಾರಿಯಲ್ಲಿ ಅವರು ಇನ್ನೂ ಎರಡು ವಿಷಯ ಹೇಳಿದರು. ಮೊದಲನೆಯದು ಒಂದು ಬಂಡೆಯ ಬಗ್ಗೆ. ಹಿಂದಿನ ಸಂಜೆ ಭೋಜ್‌ಬಾಸಾದಲ್ಲಿ ಕೈಕಾಲು ತೊಳೆಯಲು ಹೋದಾಗ ಹೊಳೆಯೊಳಗಿನ ಒಂದು ಬಂಡೆ ಪೂರ್ತಿ ಮುಳುಗಿದ್ದನ್ನು ನೋಡಿಟ್ಟುಕೊಂಡಿದ್ದರಂತೆ. ಬೆಳಗಿನ ಜಾವ ಹೊರಡುವಾಗ ಟಾರ್ಚ್ ಬಿಟ್ಟು ನೋಡಿದರೆ ಅದೇ ಬಂಡೆ ಮೊಳದಷ್ಟು ಮೇಲಿತ್ತು. ನಾವು ಹೊರಡುವ ಹೊತ್ತಿಗೆ ಮತ್ತೆ ಮುಳುಗಲು ಶುರುವಾಗಿತ್ತು. ‘ರಾತ್ರಿ ತೂಬು ಇಳಿಸ್ತಾರೆ, ಬಿಸಿಲು ಬಂದ್ ಮೇಲೆ ಎತ್ತುತಾರೆ’ ಎಂದು ನಕ್ಕರು. ‘ಇದು ನದಿಯಲ್ಲ ಕಣ್ಲಾ, ಕಟ್ಟೆ. ಚಳೀಲಿ ತುಂಬ್ಕೊಂಡು, ಮಳೆ ಇಲ್ಲದ ಬೇಸಿಗೇಲಿ ಬಿಡೋ ಕಟ್ಟೆ. ಬಿಡೋನು ಸೂರ್ಯ, ಅಷ್ಟೆ. ನಿಲ್ಲಿಸ್ತೀನಿ ಅಂದ್ರೆ ತೂಬು ನಮ್ಮ ಕೈಯಲ್ಲಿಲ್ಲ.’

ಎರಡನೆಯದಕ್ಕೆ ಅವರು ಫೋನು ಕೇಳಿ ಪಡೆದು ಒಂದು ಫೋಟೊ ತೆಗೆದು ತೋರಿಸಿದರು. ಹಿಮದ ಎರಡೂ ಬದಿಗೆ ಉದ್ದಕ್ಕೂ ಮಣ್ಣು ಕಲ್ಲಿನ ಎತ್ತರದ ದಿಬ್ಬ. ನಮ್ಮ ಪುಸ್ತಕದಲ್ಲಿ ಅದಕ್ಕೆ ಲ್ಯಾಟರಲ್ ಮೊರೇನ್ ಎನ್ನುತ್ತಾರೆ, ನಾನು ಎರಡು ಮಾರ್ಕ್ಸಿಗೆ ಉರು ಹೊಡೆದಿದ್ದೆ. ‘ಇದು ಏರಿ’ ಎಂದರು ಅಪ್ಪ. ‘ಐಸು ಏರಿಗಿಂತ ಎಷ್ಟು ಕೆಳಗೈತೆ ನೋಡು. ಒಂದು ಕಾಲಕ್ಕೆ ಏರಿ ಮಟ್ಟ ತುಂಬಿದ್ದಿರ್ಬೇಕು. ಈಗ ಕಟ್ಟೆ ಇಳಿದೈತೆ. ಆದ್ರೆ ಹೊಳೆ ಮಾತ್ರ ಭರ್ತಿ ಹರೀತಿತ್ತು. ನಾಲೆ ತುಂಬೈತೆ ಅಂದ ಮಾತ್ರಕ್ಕೆ ಕಟ್ಟೆ ತುಂಬೈತೆ ಅಂತಲ್ಲ.’

ನಾನು ನಿಂತುಬಿಟ್ಟೆ. 2023ರ ಬರದಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟ ನೂರಡಿಗಿಂತ ಕೆಳಗಿಳಿದದ್ದು, ಕೆಳಗೆ ಹೊಳೆಯಲ್ಲಿ ನೀರು ಹರಿಯುತ್ತಿರುವುದನ್ನು ನೋಡುತ್ತಾ ಅಪ್ಪ ಹೆದ್ದಾರಿಯಲ್ಲಿ ಧರಣಿಗೆ ಕೂತದ್ದು, ಆ ವರ್ಷ ಕಬ್ಬು ಒಣಗಿದ್ದು ಎಲ್ಲ ನೆನಪಾಯಿತು. ಕಟ್ಟೆ ಖಾಲಿಯಾಗುವಾಗಲೂ ಹೊಳೆ ತುಂಬಿಯೇ ಇರುತ್ತದೆ ಎಂಬುದು ಮಂಡ್ಯದ ರೈತನಿಗೆ ಯಾರೂ ಕಲಿಸಬೇಕಿಲ್ಲ. ಹಿಮನದಿಗಳ ವಿಷಯದಲ್ಲಿ ವಿಜ್ಞಾನಿಗಳೂ ಹೇಳುವುದು ಇದನ್ನೇ. ಬಿಸಿ ಹೆಚ್ಚಾದಂತೆ ಮೊದಮೊದಲು ನೀರು ಜಾಸ್ತಿಯೇ ಬರುತ್ತದೆ. ಗಡ್ಡೆ ಸಣ್ಣದಾದ ಮೇಲೆ ಕಮ್ಮಿಯಾಗುತ್ತಾ ಹೋಗುತ್ತದೆ.

ಚೀರ್‌ಬಾಸಾ ತಲುಪುವಷ್ಟರಲ್ಲಿ ನನ್ನ ತಲೆನೋವು ಸ್ವಿಚ್ ಆಫ್ ಮಾಡಿದ ಹಾಗೆ ಹೋಯಿತು. ಸಂಜೆ ಗಂಗೋತ್ರಿಯಲ್ಲಿ ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು, ‘ಇದೇನ್ಲಾ ಬೂದಿ ಕದಡಿದಂಗೈತೆ!’ ಎಂದರು. ಹಿಮ ಜರುಗುವಾಗ ಕೆಳಗಿನ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ, ಅದೇ ಈ ಬಣ್ಣ ಎಂದು ಹೇಳಿದೆ. ಬೆಳಿಗ್ಗೆ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ನುಣ್ಣನೆಯ ಬೂದು ಗೋಡು. ಅಜ್ಜಿ ಅದನ್ನು ಚೆಲ್ಲಲು ಬಿಡಲಿಲ್ಲ.

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಫೋಟೊ ಹಾಕುವುದಲ್ಲ, ಓದುವುದು. ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರ್ ಉದ್ದವಿದೆ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಜೆ.ಬಿ. ಆಡೆನ್ ಅದರ ಮುಖದ ನಕ್ಷೆ ಮಾಡಿದ್ದರು. ಇವರು ಇಂಗ್ಲಿಷ್ ಕವಿ ಡಬ್ಲ್ಯು.ಎಚ್. ಆಡೆನ್ ಅವರ ಅಣ್ಣ. ಆ ಗುರುತು ಇದ್ದದ್ದರಿಂದಲೇ ಮುಂದಿನವರಿಗೆ ಅಳೆಯಲು ಸಾಧ್ಯವಾಯಿತು. 1935ರಿಂದ 1996ರವರೆಗೆ ಗೋಮುಖ ಸುಮಾರು 1,147 ಮೀಟರ್ ಹಿಂದೆ ಸರಿದಿತ್ತು, ಅಂದರೆ ವರ್ಷಕ್ಕೆ ಸರಾಸರಿ 19 ಮೀಟರ್. ಹಾಗೆಂದು ನಾಳೆಯೇ ಗಂಗೆ ಬತ್ತಿಬಿಡುತ್ತಾಳೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಬೇಕಿಲ್ಲ. ಬಯಲಿಗೆ ಇಳಿದ ಗಂಗೆಯಲ್ಲಿ ಮಳೆನೀರಿನ ಪಾಲೇ ದೊಡ್ಡದು. ಆದರೆ ಮಳೆಗೆ ಮುಂಚಿನ ಬೇಸಿಗೆಯಲ್ಲಿ ಬೆಟ್ಟದ ಊರುಗಳಿಗೆ ಆ ಕಟ್ಟೆಯೇ ಗತಿ.

ಜೂನ್ ಕೊನೆಗೆ ನಮ್ಮ ಕನ್ನಂಬಾಡಿ 124.80 ಅಡಿ ತುಂಬಿತು. ಜೂನ್ ತಿಂಗಳಲ್ಲೇ ತುಂಬಿದ್ದು ಕಟ್ಟೆಯ ಚರಿತ್ರೆಯಲ್ಲೇ ಮೊದಲು ಎಂದು ಪತ್ರಿಕೆಗಳು ಬರೆದವು. 30ರಂದು ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಟಿವಿ ನೋಡುತ್ತಾ ಅಪ್ಪ ಹೇಳಿದರು, ‘ನಮ್ಮ ಕಟ್ಟೆಗೆ ಒಂದು ಒಳ್ಳೇ ಮಳೆಗಾಲ ಸಾಕು. ಆ ಕಟ್ಟೆ ತುಂಬಕ್ಕೆ ಎಷ್ಟು ವರ್ಷ ಬೇಕೋ.’

ಆಗಸ್ಟ್ 5ರ ಸಂಜೆ ಅಕ್ಕ ಫೋನ್ ಮಾಡಿ ಟಿವಿ ಹಾಕಿ ಎಂದಳು. ಖೀರ್ ಗಾಡ್ ಎಂಬ ಆ ಹಳ್ಳ ಕೆಸರು, ಬಂಡೆಗಳನ್ನು ಹೊತ್ತು ಧರಾಲಿಯ ಮೇಲೆ ನುಗ್ಗಿತ್ತು. ನಾವು ಟೀ ಕುಡಿದ ಬೀದಿ ಎಂದು ಗುರುತು ಹಿಡಿಯಲೂ ಆಗಲಿಲ್ಲ. ಹೋಟೆಲುಗಳೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮಣ್ಣಿನಡಿ ಹೋಗುವುದನ್ನು ದೂರದಿಂದ ಯಾರೋ ತೆಗೆದ ವಿಡಿಯೊದಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು. ಅಪ್ಪ ಗೈಡ್‌ಗೆ ಫೋನ್ ಮಾಡಿಸಿದರು. ನಾಲ್ಕು ದಿನ ಸಿಗಲಿಲ್ಲ, ಐದನೇ ದಿನ ಸಿಕ್ಕಿತು. ಅವರು ಕ್ಷೇಮವಾಗಿದ್ದರು. ಕುರ್ಚಿ ಹಾಕಿಕೊಟ್ಟ ಆ ಹೆಂಗಸಿನ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ. ಹೆಸರಿಲ್ಲದೆ ಯಾರನ್ನೆಂದು ವಿಚಾರಿಸುವುದು?

ಅಜ್ಜಿ ಆ ರಾಜ್ಮಾವನ್ನು ಅಲ್ಲಿಯ ತನಕ ಸಾರಿಗೆ ಹಾಕಿರಲಿಲ್ಲ. ಈಗ ಹಾಕುವುದೂ ಇಲ್ಲ. ಒಂದು ಡಬ್ಬಿಯಲ್ಲಿಟ್ಟು ದೇವರ ಗೂಡಿನಲ್ಲಿ ಗಂಗೆಯ ಪಕ್ಕ ಇಟ್ಟಿದ್ದಾರೆ.

ನಾನು ಈ ಸೆಮಿಸ್ಟರಿನಲ್ಲಿ ಹೈಡ್ರಾಲಜಿ ಪುಸ್ತಕವನ್ನು ಮೊದಲ ಸಲ ಮಾರ್ಕ್ಸಿಗಲ್ಲದೆ ಓದುತ್ತಿದ್ದೇನೆ. ಬೆಳಿಗ್ಗೆ ಪೇಪರ್ ಬಂದೊಡನೆ ಅಪ್ಪ ಈಗಲೂ ಮೊದಲು ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟದ ಸಣ್ಣ ಚೌಕವನ್ನು. ಮೊನ್ನೆ ಅದನ್ನು ಓದಿ ಮುಗಿಸಿ ನನ್ನ ಕಡೆ ತಿರುಗಿ ಕೇಳಿದರು, ‘ಅಲ್ಲಿ ಮಟ್ಟ ಎಷ್ಟೈತೆ ಅಂತ ದಿನಾ ಯಾರ್ಲಾ ನೋಡ್ತಾರೆ?’

ಉಪಗ್ರಹ ನೋಡುತ್ತದೆ, ವಿಜ್ಞಾನಿಗಳು ಆಗಾಗ ಹೋಗಿ ಅಳೆಯುತ್ತಾರೆ ಎಂದೆ. ಅಪ್ಪ ತಲೆಯಾಡಿಸಿ, ‘ನೀನೂ ಓದ್ಕೊಂಡು ಹೋಗು. ಈ ಸಲ ಒಂದು ದಿನ ಗಂಗೋತ್ರೀಲಿ ಮಲಗಿ ಹೋಗು’ ಎಂದು ಗದ್ದೆಯ ಕಡೆ ಹೊರಟರು.